ನಿನೆವೆಯ ಮೇಲಿನ ಆಕಾಶ

2025ರ ಮೇ 7ರಂದು ದೇಶದ ಅನೇಕ ನಗರಗಳಲ್ಲಿ ನಾಗರಿಕ ರಕ್ಷಣೆಯ ಅಣಕು ಕಾರ್ಯಾಚರಣೆ ನಡೆಯಿತು. ಬೆಂಗಳೂರಿನಲ್ಲಿಯೂ ಸೈರನ್ ಮೊಳಗಿತು. ಗಡಿಯಲ್ಲಿ ಘರ್ಷಣೆ ನಿಂತ ಮೇ 10ರವರೆಗೆ ನಮ್ಮ ಮನೆಗಳಲ್ಲಿ ಟೀವಿ ಆರಲಿಲ್ಲ. ಯಾವ ವಿಮಾನ, ಯಾವ ಕ್ಷಿಪಣಿ, ಯಾವ ಡ್ರೋನ್ ಎಂದು ಚಿಕ್ಕ ಮಕ್ಕಳೂ ಹೆಸರು ಹೇಳತೊಡಗಿದ್ದರು.

ಮರುದಿನ ಭಾನುವಾರ. ಬಲಿಪೂಜೆ ಮುಗಿದ ಮೇಲೆ ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರು ಗುರುನಿವಾಸದ ಜಗಲಿಗೆ ಬಂದು ಕುಳಿತರು. ವಾಯುಪಡೆಯಲ್ಲಿ ಸೇವೆ ಸಲ್ಲಿಸಿ ನಿವೃತ್ತರಾದವರು. ವಿಮಾನ ಹಾರಿಸಿದವರಲ್ಲ, ವಿಮಾನಗಳಿಗೆ ಬಾಂಬುಗಳನ್ನು ಜೋಡಿಸುವ ವಿಭಾಗದಲ್ಲಿದ್ದವರು. 1971ರ ಯುದ್ಧದ ವೇಳೆಗೆ ಅವರಿಗೆ ಇಪ್ಪತ್ತೊಂದು ವರ್ಷ.

"ಫಾದರ್, ಒಂದು ಮಾತು ಕೇಳಬೇಕಿತ್ತು" ಎಂದು ಆರಂಭಿಸಿದರು. "ರಾತ್ರಿಯೆಲ್ಲ ಬಾಂಬು ಕಟ್ಟಿ ಕಳಿಸುತ್ತಿದ್ದೆವು. ವಿಮಾನ ಖಾಲಿಯಾಗಿ ವಾಪಸು ಬರುತ್ತಿತ್ತು. ನಮ್ಮ ಹುಡುಗರು ಜೀವಸಹಿತ ಬಂದರಲ್ಲ ಅಂತ ನಮಗೆ ಸಂತೋಷ. ಆದರೆ ನಾವು ಕಟ್ಟಿದ್ದು ಎಲ್ಲಿ ಬಿತ್ತು ಅಂತ ಯಾರೂ ಹೇಳಲಿಲ್ಲ. ನಾವೂ ಕೇಳಲಿಲ್ಲ. ಈಗ ಟೀವಿ ನೋಡುವಾಗ ಅದೇ ಯೋಚನೆ. ಇದು ಪಾಪನಿವೇದನೆಯಲ್ಲಿ ಹೇಳಬೇಕಾದ ವಿಷಯವೇ ಫಾದರ್?"

ನಾನು ಹೆಚ್ಚು ಯೋಚಿಸಲಿಲ್ಲ. "ನೀವು ದೇಶಕ್ಕಾಗಿ ನಿಮ್ಮ ಕರ್ತವ್ಯ ಮಾಡಿದ್ದೀರಿ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ" ಎಂದೆ. "ಆಯ್ತು ಫಾದರ್" ಎಂದು ಅವರು ಎದ್ದು ಹೋದರು. ನಾನು ಹೇಳಿದ್ದು ಸುಳ್ಳಲ್ಲ. ಆದರೆ ಅವರು ಕೇಳಿದ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ. ಅವರ ಒಪ್ಪಿಗೆ ಪಡೆದೇ ಈ ಪ್ರಸಂಗವನ್ನು ಇಲ್ಲಿ ಬರೆಯುತ್ತಿದ್ದೇನೆ. ಆಕಾಶದಿಂದ ಬೀಳುವ ಬೆಂಕಿಗೆ ಯಾರು, ಎಷ್ಟರಮಟ್ಟಿಗೆ ಹೊಣೆ? ಈ ಲೇಖನ ಆ ಹಿರಿಯರಿಗೆ ನಾನು ಕೊಡಬೇಕಾಗಿದ್ದ, ತಡವಾದ ಉತ್ತರ.

ಗುರಿ ಹಿಗ್ಗಿದ ಬಗೆ

ವಿಮಾನದಿಂದ ಮೊದಲ ಬಾಂಬು ಬಿದ್ದದ್ದು 1911ರ ನವೆಂಬರ್ 1ರಂದು. ಲಿಬಿಯಾದಲ್ಲಿ ತುರ್ಕರ ವಿರುದ್ಧ ನಡೆದ ಯುದ್ಧದಲ್ಲಿ ಇಟಲಿಯ ಜೂಲಿಯೊ ಗಾವೊತ್ತಿ ಎಂಬ ಯುವ ಅಧಿಕಾರಿ ತನ್ನ ಪುಟ್ಟ ವಿಮಾನದಿಂದ ನಾಲ್ಕು ಕೈಬಾಂಬುಗಳನ್ನು ಎಸೆದ. ಹತ್ತು ವರ್ಷಗಳ ನಂತರ, 1921ರಲ್ಲಿ, ಅದೇ ಇಟಲಿಯ ಸೇನಾಧಿಕಾರಿ ಜೂಲಿಯೊ ದೂಹೆ ವಾಯುಬಲದ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದ. ಅವನ ವಾದ ಸರಳವಾಗಿತ್ತು. ಮೊದಲನೆಯ ಮಹಾಯುದ್ಧದಲ್ಲಿ ಲಕ್ಷಾಂತರ ಯುವಕರು ಕಂದಕಗಳಲ್ಲಿ ಕೊಳೆತು ಸತ್ತರು. ಮುಂದಿನ ಯುದ್ಧದಲ್ಲಿ ವಿಮಾನಗಳು ಸೈನ್ಯದ ತಲೆಯ ಮೇಲೆ ಹಾರಿ ನೇರವಾಗಿ ಶತ್ರುವಿನ ನಗರಗಳಿಗೆ ಹೋಗಲಿ. ಜನರ ಧೈರ್ಯ ಮುರಿದರೆ ಯುದ್ಧ ಬೇಗ ಮುಗಿಯುತ್ತದೆ, ಒಟ್ಟಿನಲ್ಲಿ ಸಾಯುವವರೂ ಕಡಿಮೆಯಾಗುತ್ತಾರೆ ಎಂಬುದು ಅದರ ತಿರುಳು. ಇಲ್ಲೊಂದು ವಿಷಯವನ್ನು ಗಮನಿಸಬೇಕು. ನಗರಗಳನ್ನು ಸುಡುವ ಯೋಜನೆ ಹುಟ್ಟಿದ್ದು ಕ್ರೌರ್ಯದ ಹೆಸರಿನಲ್ಲಿ ಅಲ್ಲ, ಕರುಣೆಯ ಹೆಸರಿನಲ್ಲಿ.

1937ರ ಏಪ್ರಿಲ್ 26ರಂದು ಸ್ಪೇನ್ ದೇಶದ ಗೆರ್ನಿಕಾ ಪಟ್ಟಣದ ಮೇಲೆ, ಸಂತೆಯ ದಿನವಾಗಿದ್ದ ಒಂದು ಸೋಮವಾರ, ಜರ್ಮನ್ ಮತ್ತು ಇಟಾಲಿಯನ್ ವಿಮಾನಗಳು ಬಾಂಬು ಸುರಿಸಿದಾಗ ಜಗತ್ತು ಬೆಚ್ಚಿಬಿತ್ತು. 1940ರ ನವೆಂಬರ್ 14ರ ರಾತ್ರಿ ಇಂಗ್ಲೆಂಡಿನ ಕೊವೆಂಟ್ರಿ ನಗರದ ಮೇಲೆ ಜರ್ಮನ್ ವಿಮಾನಗಳು ಎರಗಿದವು. ಅಲ್ಲಿನ ಪ್ರಧಾನಾಲಯ ಗೋಡೆಗಳಷ್ಟೇ ಉಳಿದು ಸುಟ್ಟುಹೋಯಿತು. ಅಂದು ಈ ಕೃತ್ಯವನ್ನು ಖಂಡಿಸಿದವರೇ ಕೆಲವೇ ವರ್ಷಗಳಲ್ಲಿ ಅದನ್ನು ಹಲವು ಪಟ್ಟು ದೊಡ್ಡದಾಗಿ ಮಾಡಿದರು. ಅದು ಹೇಗಾಯಿತು ಎಂಬುದು ಪ್ರತಿಯೊಬ್ಬ ವಿಶ್ವಾಸಿಯೂ ತಿಳಿಯಬೇಕಾದ ಪಾಠ.

ಬ್ರಿಟಿಷ್ ವಾಯುಪಡೆ ಮೊದಲು ಕಾರ್ಖಾನೆಗಳನ್ನೂ ರೈಲು ನಿಲ್ದಾಣಗಳನ್ನೂ ಗುರಿಯಾಗಿಸಿಕೊಂಡಿತ್ತು. ಹಗಲಿನಲ್ಲಿ ಹೋದ ವಿಮಾನಗಳು ಹಿಂದಿರುಗುತ್ತಿರಲಿಲ್ಲವಾದ್ದರಿಂದ ರಾತ್ರಿ ಹಾರತೊಡಗಿದರು. ಕತ್ತಲೆಯಲ್ಲಿ ಗುರಿ ಸಿಗಲಿಲ್ಲ. 1941ರ ಆಗಸ್ಟ್‌ನಲ್ಲಿ ಛಾಯಾಚಿತ್ರಗಳನ್ನು ಪರಿಶೀಲಿಸಿ ಸಿದ್ಧಪಡಿಸಿದ ಒಂದು ಸರಕಾರಿ ವರದಿ, ಗುರಿಯ ಮೇಲೆ ದಾಳಿ ಮಾಡಿದೆವೆಂದು ಹೇಳಿದ ವಿಮಾನಗಳಲ್ಲಿ ಮೂರರಲ್ಲಿ ಒಂದು ಮಾತ್ರ ಗುರಿಯ ಐದು ಮೈಲಿ ಆಸುಪಾಸಿಗೆ ತಲುಪಿತ್ತು ಎಂದು ತಿಳಿಸಿತು. ಆಗ ಎರಡು ದಾರಿಗಳಿದ್ದವು: ದಾಳಿಯನ್ನು ಮಿತಗೊಳಿಸುವುದು, ಇಲ್ಲವೇ ಗುರಿಯನ್ನು ಹಿಗ್ಗಿಸುವುದು. ಎರಡನೆಯದನ್ನು ಆರಿಸಿಕೊಂಡರು. 1942ರ ಫೆಬ್ರವರಿ 14ರ ಆದೇಶ ಶತ್ರುದೇಶದ ನಾಗರಿಕರ, ವಿಶೇಷವಾಗಿ ಕಾರ್ಮಿಕರ, ಮನೋಸ್ಥೈರ್ಯವನ್ನೇ ಗುರಿಯೆಂದು ಘೋಷಿಸಿತು. ಕಾರ್ಖಾನೆಗೆ ಹೊಡೆಯಲಾಗದ ಬಾಂಬು ನಗರಕ್ಕೆ ಹೊಡೆಯಬಲ್ಲದು; ಆದ್ದರಿಂದ ನಗರವೇ ಗುರಿಯಾಯಿತು. ಒಂದು ತಾಂತ್ರಿಕ ದೋಷಕ್ಕೆ ಹೊಂದಿಕೊಳ್ಳುವಂತೆ ಮನಸ್ಸಾಕ್ಷಿಯನ್ನು ತಿದ್ದಿಕೊಳ್ಳಲಾಯಿತು.

1943ರ ಜುಲೈ ಕೊನೆಯಲ್ಲಿ ಹ್ಯಾಂಬರ್ಗ್ ನಗರದ ಮೇಲೆ ಸರಣಿ ದಾಳಿ ನಡೆಯಿತು. ಮೊದಲು ಸ್ಫೋಟಕ ಬಾಂಬುಗಳು ಮನೆಗಳ ಸೂರು, ಕಿಟಕಿಗಳನ್ನು ಒಡೆದವು. ಬಳಿಕ ಬೆಂಕಿ ಬಾಂಬುಗಳು ಒಳಗೆ ಬಿದ್ದವು. ಜುಲೈ 27ರ ರಾತ್ರಿ, ಬೇಸಿಗೆಯ ಒಣ ಹವೆಯಲ್ಲಿ, ಸಾವಿರಾರು ಬೆಂಕಿಗಳು ಒಂದಾಗಿ ಬಿರುಗಾಳಿಯೆದ್ದಿತು. ನೆಲಮಾಳಿಗೆಗಳಲ್ಲಿ ಅಡಗಿದವರು ಉಸಿರುಗಟ್ಟಿ ಸತ್ತರು. ಆ ದಾಳಿಗಳಲ್ಲಿ ಸತ್ತವರು 35 ಸಾವಿರಕ್ಕೂ ಹೆಚ್ಚು. ಆ ಕಾರ್ಯಾಚರಣೆಗೆ ಇಟ್ಟಿದ್ದ ಹೆಸರು ಗೊಮೋರ.

1945ರ ಫೆಬ್ರವರಿಯಲ್ಲಿ ಡ್ರೆಸ್ಡೆನ್ ನಗರದಲ್ಲಿ ಸುಮಾರು 25 ಸಾವಿರ ಜನ, ಅದೇ ಮಾರ್ಚ್ 9ರ ರಾತ್ರಿ ಅಮೆರಿಕದ ವಿಮಾನಗಳ ದಾಳಿಗೆ ಟೋಕಿಯೊದಲ್ಲಿ ಸುಮಾರು ಒಂದು ಲಕ್ಷ ಜನ ಸತ್ತರು. ಇಷ್ಟಾದರೂ ದೂಹೆ ಹೇಳಿದ ಹಾಗೆ ಜರ್ಮನ್ ಜನರು ದಂಗೆ ಎದ್ದು ಯುದ್ಧ ನಿಲ್ಲಿಸಲಿಲ್ಲ. ಜರ್ಮನಿಯ ಶಸ್ತ್ರಾಸ್ತ್ರ ಉತ್ಪಾದನೆ 1944ರ ಮಧ್ಯದವರೆಗೂ ಏರುತ್ತಲೇ ಇತ್ತು. ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತೂ ಇದೆ: ತೈಲಾಗಾರಗಳ ಮೇಲೆ, ರೈಲು ಮಾರ್ಗಗಳ ಮೇಲೆ ನಡೆದ ದಾಳಿಗಳು ಹಿಟ್ಲರನ ಸೇನೆಯನ್ನು ನಿಜವಾಗಿ ಕುಂಟಾಗಿಸಿದವು. ಆ ರಾತ್ರಿಗಳಲ್ಲಿ ಹಾರಿದ ಬ್ರಿಟಿಷ್ ಬಾಂಬರ್ ಪಡೆಯ 55 ಸಾವಿರಕ್ಕೂ ಹೆಚ್ಚು ಯುವಕರು ಹಿಂದಿರುಗಲಿಲ್ಲ. ಅವರ ಧೈರ್ಯವನ್ನು ನಾನು ಪ್ರಶ್ನಿಸುತ್ತಿಲ್ಲ. ಅವರಿಗೆ ಕೊಟ್ಟ ಗುರಿಯನ್ನು ಪ್ರಶ್ನಿಸುತ್ತಿದ್ದೇನೆ.

ಅಬ್ರಹಾಮನ ಪ್ರಶ್ನೆ

ಗೊಮೋರ ಎಂಬ ಹೆಸರನ್ನು ಆರಿಸಿದವರಿಗೆ ಪವಿತ್ರ ಗ್ರಂಥದ ಪರಿಚಯವಿತ್ತು. ಆದರೆ ಅವರು ಆದಿಕಾಂಡದ ಹತ್ತೊಂಬತ್ತನೆಯ ಅಧ್ಯಾಯವನ್ನು ನೆನಪಿಟ್ಟುಕೊಂಡು ಹದಿನೆಂಟನೆಯದನ್ನು ಮರೆತರು. ಬೆಂಕಿ ಬೀಳುವ ಮುನ್ನ ಅಲ್ಲೊಂದು ಸಂಭಾಷಣೆಯಿದೆ. ನೀತಿವಂತರನ್ನು ದುಷ್ಟರ ಜೊತೆ ಸೇರಿಸಿ ನಾಶಮಾಡುವೆಯಾ ಎಂದು ಅಬ್ರಹಾಮನು ದೇವರನ್ನೇ ಕೇಳುತ್ತಾನೆ. ಐವತ್ತು ಮಂದಿಯಿಂದ ಆರಂಭಿಸಿ, ನಲವತ್ತೈದು, ನಲವತ್ತು, ಮೂವತ್ತು, ಇಪ್ಪತ್ತು ಎಂದು ಸಂತೆಯಲ್ಲಿ ಚೌಕಾಶಿ ಮಾಡುವವನಂತೆ ಹತ್ತರವರೆಗೆ ಇಳಿಯುತ್ತಾನೆ. ದೇವರು ಒಮ್ಮೆಯೂ ಬೇಸರಪಡುವುದಿಲ್ಲ, ಪ್ರತಿಸಲವೂ ಒಪ್ಪುತ್ತಾರೆ. ಸರ್ವಶಕ್ತನಾದ ದೇವರೇ ಈ ಪ್ರಶ್ನೆಯನ್ನು ಕೇಳಿಸಿಕೊಂಡಿರುವಾಗ, ಯಾವ ಸರಕಾರ, ಯಾವ ಸೇನಾಪತಿ ಅದಕ್ಕೆ ಅತೀತರು?

ಯುದ್ಧದ ನಡುವೆಯೇ ಆ ಪ್ರಶ್ನೆಯನ್ನು ಎತ್ತಿದವರಿದ್ದರು. 1944ರ ಫೆಬ್ರವರಿ 9ರಂದು ಚಿಚೆಸ್ಟರ್‌ನ ಆಂಗ್ಲಿಕನ್ ಧರ್ಮಾಧ್ಯಕ್ಷ ಜಾರ್ಜ್ ಬೆಲ್ ಬ್ರಿಟಿಷ್ ಸಂಸತ್ತಿನ ಮೇಲ್ಮನೆಯಲ್ಲಿ ಎದ್ದು ನಿಂತು, ಇಡೀ ನಗರಗಳನ್ನು ಅಳಿಸಿಹಾಕುವ ನೀತಿಯನ್ನು ಪ್ರಶ್ನಿಸಿದರು. ಅವರೇನೂ ಹಿಟ್ಲರನ ಮಿತ್ರರಲ್ಲ. ನಾಜಿಗಳನ್ನು ಮೊದಲಿನಿಂದಲೂ ವಿರೋಧಿಸಿದವರು. ಅದೇ ವರ್ಷ ಅಮೆರಿಕದ ಯೇಸುಸಭೆಯ ಗುರು ಜಾನ್ ಫೋರ್ಡ್ ಒಂದು ದೈವಶಾಸ್ತ್ರ ಪತ್ರಿಕೆಯಲ್ಲಿ ದೀರ್ಘ ಲೇಖನ ಬರೆದರು. ಇಂದಿನ ಯುದ್ಧದಲ್ಲಿ ಎಲ್ಲರೂ ಯೋಧರೇ, ಮುಗ್ಧರೆಂಬವರೇ ಇಲ್ಲ ಎಂಬ ವಾದಕ್ಕೆ ಅವರು ಕೊಟ್ಟ ಉತ್ತರ ಬಹಳ ಸರಳ: ಒಂದು ನಗರದಲ್ಲಿ ಬದುಕುವವರ ಕಸುಬುಗಳ ಪಟ್ಟಿ. ರೈತರು, ಮೀನುಗಾರರು, ದರ್ಜಿಗಳು, ಚಪ್ಪಲಿ ಹೊಲಿಯುವವರು, ರೊಟ್ಟಿ ಸುಡುವವರು. ಹೀಗೆ ಒಬ್ಬೊಬ್ಬರನ್ನೇ ಹೆಸರಿಸಿ, ಇವರನ್ನು ಕೊಲ್ಲುವ ಹಕ್ಕು ಯಾರಿಗಿದೆ ಎಂದು ಕೇಳಿದರು. ಅಬ್ರಹಾಮನ ಎಣಿಕೆಯೇ ಮತ್ತೊಮ್ಮೆ ನಡೆದಂತಾಯಿತು.

ಇಪ್ಪತ್ತೊಂದು ವರ್ಷಗಳ ಬಳಿಕ ದ್ವಿತೀಯ ವ್ಯಾಟಿಕನ್ ಮಹಾಸಭೆ, 1965ರ ಡಿಸೆಂಬರ್ 7ರಂದು ಪ್ರಕಟಿಸಿದ ಆಧುನಿಕ ಜಗತ್ತಿನಲ್ಲಿ ಧರ್ಮಸಭೆ ಕುರಿತಾದ ಸಂವಿಧಾನದಲ್ಲಿ, ಇಡೀ ನಗರಗಳನ್ನು ಅವುಗಳ ನಿವಾಸಿಗಳ ಸಮೇತ ವಿವೇಚನೆಯಿಲ್ಲದೆ ನಾಶಮಾಡುವ ಯುದ್ಧಕೃತ್ಯವು ದೇವರಿಗೂ ಮಾನವನಿಗೂ ವಿರುದ್ಧವಾದ ಅಪರಾಧವೆಂದು ಸ್ಪಷ್ಟಪಡಿಸಿತು. ಮಹಾಸಭೆಯ ದಾಖಲೆಗಳಲ್ಲಿ ಖಂಡನೆಯ ಮಾತುಗಳು ಬಹಳ ವಿರಳ. ಇದು ಅವುಗಳಲ್ಲೊಂದು.

ಉದ್ದೇಶವೊಂದೇ ಸಾಕೇ?

ಹಾಗಾದರೆ ಒಬ್ಬ ನಾಗರಿಕ ಸತ್ತರೂ ದಾಳಿ ಪಾಪವೇ? ಗುರುಮಠದಲ್ಲಿ ನೀತಿಶಾಸ್ತ್ರ ಕಲಿಯುವಾಗ ನಮಗೆ ಸಂತ ಥಾಮಸ್ ಅಕ್ವಿನಾಸರ ಒಂದು ವಿಚಾರವನ್ನು ಬೋಧಿಸುತ್ತಿದ್ದರು. ಒಂದು ಕೃತ್ಯಕ್ಕೆ ಎರಡು ಪರಿಣಾಮಗಳಿರಬಹುದು: ಒಂದು ನಾವು ಉದ್ದೇಶಿಸಿದ್ದು, ಇನ್ನೊಂದು ಉದ್ದೇಶಿಸದೆ ಇದ್ದದ್ದು. ಅವರು ಇದನ್ನು ಹೇಳಿದ್ದು ಆತ್ಮರಕ್ಷಣೆಯ ಸಂದರ್ಭದಲ್ಲಿ. ನಂತರದ ನೀತಿಶಾಸ್ತ್ರಜ್ಞರು ಇದನ್ನು ವಿಸ್ತರಿಸಿ ನಿಯಮಗಳನ್ನು ರೂಪಿಸಿದರು. ಕೃತ್ಯ ಸ್ವತಃ ಕೆಟ್ಟದ್ದಾಗಿರಬಾರದು, ಕೆಡುಕನ್ನು ಬಯಸಬಾರದು, ಕೆಡುಕೇ ಒಳಿತಿಗೆ ಸಾಧನವಾಗಬಾರದು, ಒಳಿತಿಗೂ ಕೆಡುಕಿಗೂ ತಕ್ಕ ಪ್ರಮಾಣವಿರಬೇಕು.

ಹ್ಯಾಂಬರ್ಗ್ ಈ ಪರೀಕ್ಷೆಯ ಮೂರನೆಯ ಮೆಟ್ಟಿಲಲ್ಲೇ ಸೋಲುತ್ತದೆ. ಅಲ್ಲಿ ಕಾರ್ಮಿಕರ ಮನೆಗಳು ಅಕಸ್ಮಾತ್ತಾಗಿ ಸುಡಲಿಲ್ಲ. ಅವು ಸುಟ್ಟರೆ ಮಾತ್ರ ಯೋಜನೆ ಸಫಲವಾಗುತ್ತಿತ್ತು. ಜನರ ಸಾವೇ ಸಾಧನವಾಗಿತ್ತು. ಹಿರೋಶಿಮಾ ಮತ್ತು ನಾಗಸಾಕಿಯಲ್ಲಿಯೂ ಹೀಗೆಯೇ.

ಆದರೆ ಉದ್ದೇಶ ಶುದ್ಧವಾಗಿದ್ದರೆ ಸಾಕು ಎಂದು ಇದರಿಂದ ತೀರ್ಮಾನಿಸಬಾರದು. ನಮ್ಮ ಹಳ್ಳಿಗಳಲ್ಲಿ ನಡೆಯುವ ಸಂಗತಿಯನ್ನೇ ನೋಡಿ. ಕಾಡುಹಂದಿಗಳ ಕಾಟಕ್ಕೆ ರೈತನೊಬ್ಬ ಹೊಲದ ಸುತ್ತ ತಂತಿ ಎಳೆದು ವಿದ್ಯುತ್ ಹರಿಸುತ್ತಾನೆ. ಮುಂಜಾನೆ ಪಕ್ಕದ ಮನೆಯ ಹುಡುಗ ಆ ತಂತಿ ತಾಗಿ ಸಾಯುತ್ತಾನೆ. "ನಾನು ಹಂದಿಗೆ ಕಟ್ಟಿದ್ದು ಸ್ವಾಮಿ, ಹುಡುಗನಿಗಲ್ಲ" ಎಂದು ರೈತ ಅಳುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಆದರೂ ನಾವು ಅವನನ್ನು ಕೇಳುತ್ತೇವೆ: ಆ ದಾರಿಯಲ್ಲಿ ಮಕ್ಕಳು ಓಡಾಡುವುದು ನಿನಗೆ ಗೊತ್ತಿರಲಿಲ್ಲವೇ? ಎಚ್ಚರಿಕೆ ಕೊಟ್ಟಿದ್ದೆಯಾ? ಬೇರೆ ಉಪಾಯ ಇರಲಿಲ್ಲವೇ? ಉದ್ದೇಶಿಸದ ಸಾವಿಗೂ ಹೊಣೆಯಿದೆ. ಆ ಹೊಣೆಯ ಹೆಸರು ಎಚ್ಚರ.

ಕಾನೂನಿನ ತಡವಾದ ಹೆಜ್ಜೆ

ಅಂತಾರಾಷ್ಟ್ರೀಯ ಕಾನೂನೂ ಬಹಳ ತಡವಾಗಿ ಇದೇ ಜಾಗಕ್ಕೆ ಬಂದು ನಿಂತಿದೆ. ರಕ್ಷಣೆಯಿಲ್ಲದ ಊರುಗಳ ಮೇಲೆ ಯಾವ ವಿಧದಿಂದಲೂ ದಾಳಿ ಮಾಡಬಾರದೆಂದು 1907ರ ಹೇಗ್ ಒಪ್ಪಂದ ಹೇಳಿತ್ತು. 1923ರಲ್ಲಿ ಹೇಗ್ ನಗರದಲ್ಲೇ ವಾಯುಯುದ್ಧಕ್ಕೆಂದು ನಿಯಮಗಳ ಕರಡನ್ನು ತಜ್ಞರು ಸಿದ್ಧಪಡಿಸಿದರು. ಯಾವ ರಾಷ್ಟ್ರವೂ ಅದನ್ನು ಒಪ್ಪಂದವಾಗಿ ಅಂಗೀಕರಿಸಲಿಲ್ಲ. ಯುದ್ಧಾನಂತರ ನ್ಯೂರೆಂಬರ್ಗ್ ನ್ಯಾಯಮಂಡಳಿಯಲ್ಲಿ ನಗರಗಳ ಮೇಲಿನ ವಾಯುದಾಳಿಗಾಗಿ ಯಾರಿಗೂ ಶಿಕ್ಷೆಯಾಗಲಿಲ್ಲ. ಗೆದ್ದವರ ಕೈಗಳೂ ಮಸಿಯಾಗಿದ್ದವು.

1977ರಲ್ಲಿ ಜಿನೀವಾ ಒಪ್ಪಂದಗಳಿಗೆ ಸೇರಿಸಿದ ಮೊದಲ ಹೆಚ್ಚುವರಿ ಒಡಂಬಡಿಕೆ ಮೂರು ಮುಖ್ಯ ನಿಯಮಗಳನ್ನು ಬರೆದಿಟ್ಟಿತು. ಒಂದು, ಯೋಧರನ್ನೂ ನಾಗರಿಕರನ್ನೂ ಬೇರ್ಪಡಿಸಿ ನೋಡಬೇಕು. ನಗರವೊಂದರಲ್ಲಿ ಚದುರಿರುವ ಹಲವು ಸೈನಿಕ ನೆಲೆಗಳನ್ನು ಒಂದೇ ಗುರಿಯೆಂದು ಎಣಿಸಿ ಬಾಂಬು ಸುರಿಯಕೂಡದು. ಎರಡು, ನಿರೀಕ್ಷಿತ ಸೈನಿಕ ಲಾಭಕ್ಕೆ ಹೋಲಿಸಿದರೆ ನಾಗರಿಕರಿಗಾಗುವ ಹಾನಿ ಅತಿಯಾಗಬಾರದು. ಮೂರು, ದಾಳಿಗೆ ಮುನ್ನ ಗುರಿಯನ್ನು ಪರಿಶೀಲಿಸಬೇಕು, ಕಡಿಮೆ ಹಾನಿಯ ಆಯುಧವನ್ನು ಆರಿಸಬೇಕು, ಸಾಧ್ಯವಿರುವಲ್ಲಿ ಎಚ್ಚರಿಕೆ ಕೊಡಬೇಕು, ತಪ್ಪೆಂದು ಕಂಡರೆ ದಾಳಿಯನ್ನು ಕೈಬಿಡಬೇಕು. ಶತ್ರು ನಾಗರಿಕರನ್ನು ಗುರಾಣಿಯಾಗಿ ಬಳಸಿದರೆ ಅದು ಅವನ ಅಪರಾಧ. ಆದರೆ ಅದರಿಂದ ಎದುರಾಳಿಯ ಕರ್ತವ್ಯ ರದ್ದಾಗುವುದಿಲ್ಲ. ಅಮೆರಿಕವಾಗಲಿ, ಭಾರತವಾಗಲಿ, ಪಾಕಿಸ್ತಾನವಾಗಲಿ ಈ ಒಡಂಬಡಿಕೆಗೆ ಸೇರಿಲ್ಲ. ಆದರೂ ಇದರ ಮೂಲ ನಿಯಮಗಳು ರೂಢಿಯ ಕಾನೂನಾಗಿ ಎಲ್ಲ ರಾಷ್ಟ್ರಗಳಿಗೂ ಅನ್ವಯಿಸುತ್ತವೆ ಎಂಬುದು ಇಂದು ಬಹುಮಟ್ಟಿಗೆ ಒಪ್ಪಿತವಾದ ಮಾತು.

ಮೋಸುಲ್‌ನ ಒಂದು ಮನೆ

ಕಾನೂನು ಕಾಗದದ ಮೇಲಿದ್ದರೆ ಸಾಲದು. ಅದು ಒಂದು ಮನೆಯ ಸೂರಿನ ಮೇಲೆ ಹೇಗೆ ಕೆಲಸಮಾಡುತ್ತದೆಂದು ನೋಡೋಣ.

ಪ್ರವಾದಿ ಯೋನನನ್ನು ಕಳುಹಿಸಲಾದ ನಿನೆವೆ ನಗರದ ಅವಶೇಷಗಳು ಇಂದಿನ ಇರಾಕಿನ ಮೋಸುಲ್ ನಗರದಲ್ಲಿ, ಟೈಗ್ರಿಸ್ ನದಿಯ ಪೂರ್ವ ದಂಡೆಯಲ್ಲಿವೆ. 2014ರ ಜೂನ್‌ನಲ್ಲಿ ಐಸಿಸ್ ಉಗ್ರರು ಮೋಸುಲನ್ನು ವಶಪಡಿಸಿಕೊಂಡರು. ಮರುತಿಂಗಳೇ ಅಲ್ಲಿನ ಕ್ರೈಸ್ತರನ್ನು ಹೊರದೂಡಿದರು; ಯೋನನ ಸಮಾಧಿಯೆಂದು ಜನ ಗೌರವಿಸುತ್ತಿದ್ದ ಕಟ್ಟಡವನ್ನೂ ಸ್ಫೋಟಿಸಿದರು. ಆ ನಗರವನ್ನು ಬಿಡುಗಡೆಗೊಳಿಸುವ ಹೋರಾಟ ನ್ಯಾಯವಾದದ್ದೆಂಬುದರಲ್ಲಿ ನನಗೆ ಸಂದೇಹವಿಲ್ಲ.

2017ರ ಮಾರ್ಚ್ 17ರಂದು, ನಗರದ ಪಶ್ಚಿಮ ಭಾಗದ ಅಲ್ ಜದೀದಾ ಬಡಾವಣೆಯಲ್ಲಿ, ಒಂದು ಮನೆಯ ಮಾಳಿಗೆಯಿಂದ ಇಬ್ಬರು ಉಗ್ರರು ಇರಾಕಿ ಸೈನಿಕರ ಮೇಲೆ ಗುಂಡು ಹಾರಿಸುತ್ತಿದ್ದರು. ನೆಲದ ಮೇಲಿನ ಪಡೆ ನೆರವು ಕೇಳಿತು. ಅಮೆರಿಕದ ವಿಮಾನವೊಂದು 500 ಪೌಂಡ್ ತೂಕದ, ಗುರಿ ತಪ್ಪದ ಬಾಂಬನ್ನು ಹಾಕಿತು. ಹ್ಯಾಂಬರ್ಗ್‌ನ ಕಾಲದಂತೆ ಐದು ಮೈಲಿ ಆಚೆ ಬೀಳಲಿಲ್ಲ. ಹೇಳಿದ ಸೂರಿನ ಮೇಲೆಯೇ ಬಿತ್ತು. ಇಡೀ ಕಟ್ಟಡ ಕುಸಿಯಿತು. ಆ ಮನೆಯ ಕೆಳಗಿನ ಅಂತಸ್ತುಗಳಲ್ಲಿ ಸುತ್ತಲಿನ ಕುಟುಂಬಗಳು ಆಶ್ರಯ ಪಡೆದಿದ್ದವು. ಅಮೆರಿಕದ ಸೇನೆಯೇ ನಡೆಸಿದ ತನಿಖೆಯ ಪ್ರಕಾರ ಕನಿಷ್ಠ 105 ನಾಗರಿಕರು ಸತ್ತರು. ಉಗ್ರರು ಅಲ್ಲಿ ಅಡಗಿಸಿಟ್ಟಿದ್ದ ಸ್ಫೋಟಕಗಳು ಸಿಡಿದು ಕಟ್ಟಡ ಉರುಳಿತೆಂದೂ, ಒಳಗೆ ಜನರಿದ್ದದ್ದು ತಮಗೆ ತಿಳಿದಿರಲಿಲ್ಲವೆಂದೂ ತನಿಖೆ ಹೇಳಿತು. ಸ್ಫೋಟಕಗಳಿದ್ದ ಮಾತನ್ನು ಅಲ್ಲಿನ ನಿವಾಸಿಗಳು ಒಪ್ಪಲಿಲ್ಲ. ಮನೆ ಬಿಟ್ಟು ಹೊರಡಬೇಡಿ ಎಂದು ಇರಾಕಿ ಅಧಿಕಾರಿಗಳೇ ನಗರದ ಜನರಿಗೆ ತಿಳಿಸಿದ್ದರು.

ಇಲ್ಲಿ ಯಾರೂ ಗೊಮೋರವನ್ನು ಬಯಸಿರಲಿಲ್ಲ. ಪೈಲಟ್ ಕೊಲೆಗಡುಕನಲ್ಲ. ಬಾಂಬು ದಾರಿ ತಪ್ಪಲಿಲ್ಲ. ಬಾಂಬಿಗೆ ದಾರಿ ತೋರಿದ ಅರಿವು ಅಪೂರ್ಣವಾಗಿತ್ತು. ನಿಖರತೆ ಎಂಬ ಪದ ನಮ್ಮನ್ನು ಮರುಳುಮಾಡುವುದು ಇಲ್ಲಿಯೇ. ಯಂತ್ರವು ಸೂರನ್ನು ಕಾಣಬಲ್ಲದು, ಸೂರಿನ ಕೆಳಗೆ ಮಗುವನ್ನು ಎದೆಗಪ್ಪಿಕೊಂಡು ಕುಳಿತ ತಾಯಿಯನ್ನು ಕಾಣಲಾರದು. ಮನೆಯಲ್ಲೇ ಇರಿ ಎಂದು ಜನರಿಗೆ ಹೇಳಿದ್ದ ಊರಿನಲ್ಲಿ, ಮನೆಯೊಳಗೆ ಜನರಿಲ್ಲವೆಂದು ಹೇಗೆ ಭಾವಿಸಬಹುದು? ಮಾಳಿಗೆಯ ಮೇಲಿನ ಇಬ್ಬರಿಗೆ 500 ಪೌಂಡ್ ತೂಕದ ಬಾಂಬೇ ಬೇಕಿತ್ತೇ? ತಂತಿ ಎಳೆದ ರೈತನಿಗೆ ಕೇಳಿದ ಪ್ರಶ್ನೆಗಳನ್ನೇ ಇಲ್ಲಿಯೂ ಕೇಳಬೇಕಾಗುತ್ತದೆ.

ಅಪಾಯ ಯಾರ ಪಾಲಿಗೆ?

ಈ ಪ್ರಶ್ನೆಗಳ ತಳದಲ್ಲಿ ಇನ್ನೂ ಕಠಿಣವಾದ ಒಂದು ಪ್ರಶ್ನೆಯಿದೆ. ಆ ಮನೆಗೆ ಸೈನಿಕರು ಕಾಲ್ನಡಿಗೆಯಲ್ಲಿ ನುಗ್ಗಿದ್ದರೆ ಒಳಗಿನ ಕುಟುಂಬಗಳು ಬದುಕುತ್ತಿದ್ದವೇನೋ. ಆದರೆ ಕೆಲವು ಸೈನಿಕರು ಸಾಯುತ್ತಿದ್ದರು. ವಾಯುಬಲದ ದೊಡ್ಡ ಆಕರ್ಷಣೆಯೇ ಇದು: ನಮ್ಮವರ ಪಾಲಿನ ಅಪಾಯವನ್ನು ಅದು ಇಲ್ಲವಾಗಿಸುತ್ತದೆ. ಆದರೆ ಅಪಾಯ ಮಾಯವಾಗುವುದಿಲ್ಲ. ಕೆಳಗಿರುವವರ ಪಾಲಿಗೆ ವರ್ಗವಾಗುತ್ತದೆ. 1999ರಲ್ಲಿ ನೇಟೊ ಒಕ್ಕೂಟ ಕೊಸೊವೊದ ಜನರನ್ನು ರಕ್ಷಿಸಲೆಂದು ಯುಗೊಸ್ಲಾವಿಯಾದ ಮೇಲೆ 78 ದಿನ ವಾಯುದಾಳಿ ನಡೆಸಿತು. ವಿಮಾನಗಳು ಬಹುಪಾಲು ಬಲು ಎತ್ತರದಿಂದ ದಾಳಿ ಮಾಡಿದವು. ನೇಟೊ ಪಡೆಯ ಒಬ್ಬ ಯೋಧನೂ ಶತ್ರುವಿನ ಹೊಡೆತಕ್ಕೆ ಸಾಯಲಿಲ್ಲ. ಕೆಳಗೆ ಸುಮಾರು 500 ನಾಗರಿಕರು ಸತ್ತರು. ಏಪ್ರಿಲ್ 12ರಂದು ಸೇತುವೆಯೊಂದಕ್ಕೆ ಗುರಿಯಿಟ್ಟಾಗ ಅದೇ ಕ್ಷಣ ಪ್ರಯಾಣಿಕರ ರೈಲೊಂದು ಸೇತುವೆಯ ಮೇಲೆ ಬಂದಿತ್ತು.

ಅದೇ ವರ್ಷ ನಮ್ಮ ಕಾರ್ಗಿಲ್‌ನಲ್ಲಿ ಬೇರೊಂದು ಬಗೆಯ ಯುದ್ಧ ನಡೆಯಿತು. ಮೇ 26ರಂದು ವಾಯುಪಡೆ ಕಾರ್ಯಾಚರಣೆ ಆರಂಭಿಸಿದಾಗ, ಯಾವ ಕಾರಣಕ್ಕೂ ನಿಯಂತ್ರಣ ರೇಖೆಯನ್ನು ದಾಟಬಾರದೆಂದು ಕಟ್ಟಪ್ಪಣೆಯಿತ್ತು. ಮರುದಿನ ಎರಡು ಯುದ್ಧವಿಮಾನಗಳನ್ನೂ, ಅದರ ಮರುದಿನ ನಾಲ್ವರಿದ್ದ ಒಂದು ಹೆಲಿಕಾಪ್ಟರನ್ನೂ ಕಳೆದುಕೊಂಡೆವು. ಆದರೂ ಆಜ್ಞೆ ಬದಲಾಗಲಿಲ್ಲ. ವಾಯುಪಡೆ ತನ್ನ ವಿಧಾನವನ್ನು ಬದಲಿಸಿಕೊಂಡಿತೇ ಹೊರತು ಮಿತಿಯನ್ನು ಮೀರಲಿಲ್ಲ. ಆ ನಿರ್ಧಾರಕ್ಕೆ ರಾಜತಾಂತ್ರಿಕ ಕಾರಣಗಳಿದ್ದವು. ಅದನ್ನು ಸಂತರ ತ್ಯಾಗವೆಂದು ಬಣ್ಣಿಸುವ ಅಗತ್ಯವಿಲ್ಲ. ಆದರೆ ಯುದ್ಧದ ಕಾವಿನಲ್ಲಿಯೂ, ನಷ್ಟದ ನೋವಿನಲ್ಲಿಯೂ ಮಿತಿಯನ್ನು ಪಾಲಿಸಲು ಸಾಧ್ಯ ಎಂಬುದಕ್ಕೆ ಅದು ಸಾಕ್ಷಿ.

ಹಾಗೆಂದು ನಮ್ಮ ತಪ್ಪುಗಳನ್ನು ಮರೆಮಾಚಬಾರದು. 1966ರ ಮಾರ್ಚ್ 5ರಂದು, ಬಂಡಾಯ ಎದ್ದ ಸಂದರ್ಭದಲ್ಲಿ, ನಮ್ಮದೇ ವಾಯುಪಡೆಯ ವಿಮಾನಗಳು ನಮ್ಮದೇ ದೇಶದ ಐಜ್ವಾಲ್ ಪಟ್ಟಣದ ಮೇಲೆ ದಾಳಿ ಮಾಡಿದವು. ಮಿಜೋ ಜನ ಆ ದಿನವನ್ನು ಇಂದಿಗೂ ಮರೆತಿಲ್ಲ. ನಾವು ಅದನ್ನು ನೆನಪಿಸಿಕೊಳ್ಳುವುದೇ ಅಪರೂಪ.

"ಹಾಗಾದರೆ ಶತ್ರು ಬಂದಾಗ ಕೈಕಟ್ಟಿ ಕೂರಬೇಕೇ?" ಎಂದು ಯುವಕರು ಕೇಳಬಹುದು. ಖಂಡಿತ ಇಲ್ಲ. 1940ರಲ್ಲಿ ಬ್ರಿಟನ್ನಿನ ಆಕಾಶವನ್ನು ಕಾಯ್ದ ಯುವ ಪೈಲಟ್‌ಗಳು ಒಂದು ರಾಷ್ಟ್ರವನ್ನು ನಾಜಿ ಆಕ್ರಮಣದಿಂದ ಉಳಿಸಿದರು. 1948ರಲ್ಲಿ ಬರ್ಲಿನ್ ನಗರಕ್ಕೆ ದಿಗ್ಬಂಧನ ಹಾಕಿದಾಗ, ಮೂರು ವರ್ಷಗಳ ಹಿಂದೆ ಅದೇ ನಗರಕ್ಕೆ ಬಾಂಬು ಹೊತ್ತು ಹೋಗಿದ್ದ ರಾಷ್ಟ್ರಗಳ ವಿಮಾನಗಳು ಹಿಟ್ಟು, ಕಲ್ಲಿದ್ದಲು, ಹಾಲಿನ ಪುಡಿ ಹೊತ್ತು ತಂದವು. ಧರ್ಮಸಭೆ ರಾಷ್ಟ್ರಗಳ ಆತ್ಮರಕ್ಷಣೆಯ ಹಕ್ಕನ್ನು ನಿರಾಕರಿಸುವುದಿಲ್ಲ. ಆದರೆ ತಡೆಯಬೇಕಾದ ಕೆಡುಕಿಗಿಂತ ನಮ್ಮ ಆಯುಧ ತರುವ ಕೆಡುಕು ದೊಡ್ಡದಾಗಬಾರದು ಎಂದು ನಮ್ಮ ಧರ್ಮೋಪದೇಶ ಕಲಿಸುತ್ತದೆ. ಇಂದಿನ ಆಯುಧಗಳ ವಿನಾಶಶಕ್ತಿಯನ್ನು ತಕ್ಕಡಿಯಲ್ಲಿಟ್ಟು ನೋಡಿ ಎನ್ನುತ್ತದೆ.

ಆ ತಕ್ಕಡಿಯನ್ನು ಹಿಡಿಯುವ ಕೈ ಮನುಷ್ಯನದ್ದೇ ಆಗಿರಬೇಕು. ಉಕ್ರೇನಿನಲ್ಲಿ, ಗಾಜಾದಲ್ಲಿ, ಸುಡಾನಿನಲ್ಲಿ ಈ ವರ್ಷಗಳಲ್ಲಿ ಡ್ರೋನ್‌ಗಳು ಹಾರಿದ್ದನ್ನು ಕಂಡಿದ್ದೇವೆ. ಗುರಿಗಳನ್ನು ಗುರುತಿಸುವ ಕೆಲಸವೂ ಮೆಲ್ಲಮೆಲ್ಲನೆ ಗಣಕಯಂತ್ರಗಳ ಪಾಲಾಗುತ್ತಿದೆ. 2024ರ ಜೂನ್ 14ರಂದು ಜಿ-7 ರಾಷ್ಟ್ರಗಳ ನಾಯಕರ ಮುಂದೆ ಮಾತನಾಡಿದ ಜಗದ್ಗುರು ಫ್ರಾನ್ಸಿಸ್, ಮನುಷ್ಯನ ಪ್ರಾಣ ತೆಗೆಯುವ ತೀರ್ಮಾನವನ್ನು ಯಾವ ಯಂತ್ರಕ್ಕೂ ಬಿಟ್ಟುಕೊಡಬಾರದೆಂದು ಒತ್ತಿ ಹೇಳಿದರು. ಯಂತ್ರಕ್ಕೆ ಲೆಕ್ಕ ಬರುತ್ತದೆ. ಐವತ್ತರಿಂದ ಹತ್ತಕ್ಕೆ ಇಳಿದು ಬೇಡಿಕೊಳ್ಳುವ ಅಬ್ರಹಾಮನ ಎದೆ ಅದಕ್ಕಿಲ್ಲ.

ಗುರುವಿನ ಮೌನ

ಈಗ ನನ್ನಂಥವರ ತಪ್ಪಿನ ಬಗ್ಗೆ ಹೇಳಬೇಕು.

1945ರಲ್ಲಿ ಪೆಸಿಫಿಕ್ ಸಾಗರದ ಟಿನಿಯನ್ ದ್ವೀಪದಲ್ಲಿ, ಅಣುಬಾಂಬು ಹೊತ್ತ ವಿಮಾನಗಳು ಹೊರಟ ನೆಲೆಯಲ್ಲಿ, ಫಾದರ್ ಜಾರ್ಜ್ ಜಬೆಲ್ಕಾ ಎಂಬ ಅಮೆರಿಕದ ಕಥೋಲಿಕ ಗುರು ಸೈನಿಕರ ಆಧ್ಯಾತ್ಮಿಕ ಪಾಲಕರಾಗಿದ್ದರು. ಪೂಜೆ ಅರ್ಪಿಸುತ್ತಿದ್ದರು, ಪಾಪನಿವೇದನೆ ಕೇಳುತ್ತಿದ್ದರು. ಜಪಾನಿನ ನಗರಗಳು ಸುಡುತ್ತಿರುವುದು ಅವರಿಗೆ ತಿಳಿದಿತ್ತು. ನಾಗರಿಕರನ್ನು ಕೊಲ್ಲುವುದು ಪಾಪವೆಂದು ತಾನು ಒಂದು ಸಲವೂ ಬೋಧಿಸಲಿಲ್ಲ ಎಂದು ಅವರು ನಂತರದ ವರ್ಷಗಳಲ್ಲಿ ಬಹಿರಂಗವಾಗಿ ಒಪ್ಪಿಕೊಂಡರು. ಜಪಾನಿಗೆ ಹೋಗಿ ಕ್ಷಮೆ ಬೇಡಿದರು.

ಆ ಆಗಸ್ಟ್ 9ರಂದು ಎರಡನೆಯ ಬಾಂಬಿಗೆ ಆರಿಸಿದ್ದ ಮೊದಲ ಗುರಿ ಕೊಕುರಾ ನಗರ. ಅಲ್ಲಿ ನೆಲ ಸರಿಯಾಗಿ ಕಾಣಲಿಲ್ಲವಾದ್ದರಿಂದ ವಿಮಾನ ನಾಗಸಾಕಿಯತ್ತ ತಿರುಗಿತು. ಬೆಳಗಿನ 11 ಗಂಟೆ 2 ನಿಮಿಷಕ್ಕೆ ಬಾಂಬು ಸಿಡಿದದ್ದು ಉರಾಕಮಿ ಕಣಿವೆಯ ಮೇಲೆ. ಶತಮಾನಗಳ ಹಿಂಸೆಯ ನಡುವೆ ಗುಟ್ಟಾಗಿ ವಿಶ್ವಾಸವನ್ನು ಕಾಪಾಡಿಕೊಂಡು ಬಂದ ಜಪಾನಿನ ಕ್ರೈಸ್ತರ ನೆಲೆ ಅದು. ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರ ಹಬ್ಬದ ಸಿದ್ಧತೆಗಾಗಿ ಅಲ್ಲಿನ ಪ್ರಧಾನಾಲಯದಲ್ಲಿ ಇಬ್ಬರು ಗುರುಗಳು ಪಾಪನಿವೇದನೆ ಕೇಳುತ್ತಿದ್ದರು. ಅವರೂ, ಸರದಿಯಲ್ಲಿದ್ದ ಭಕ್ತರೂ ಒಬ್ಬರೂ ಉಳಿಯಲಿಲ್ಲ. ಹೊರಟ ದ್ವೀಪದಲ್ಲಿಯೂ ಪಾಪನಿವೇದನೆ, ಬಿದ್ದ ಜಾಗದಲ್ಲಿಯೂ ಪಾಪನಿವೇದನೆ. ನಡುವೆ ಆಕಾಶದಲ್ಲಿ ಯಾರೂ ಕೇಳದ ಒಂದು ಪ್ರಶ್ನೆ.

ನಾನು ಟಿನಿಯನ್‌ನಲ್ಲಿ ಇರಲಿಲ್ಲ. ಆದರೆ ಗುರುನಿವಾಸದ ಜಗಲಿಯಲ್ಲಿ ಒಬ್ಬ ಹಿರಿಯರು ಆ ಪ್ರಶ್ನೆಯನ್ನು ತಂದಾಗ ಅದನ್ನು ಬೇಗ ಮುಚ್ಚಿಹಾಕಿದೆ. ಅವರಿಗೆ ಸಮಾಧಾನವಾಗಲಿ ಎಂದಷ್ಟೇ ಅಲ್ಲ, ನನಗೆ ಕಷ್ಟವಾಗದಿರಲಿ ಎಂದೂ.

ಈಗ ಅವರಿಗೆ ಹೀಗೆ ಹೇಳಬಯಸುತ್ತೇನೆ: ನಿಮಗೆ ತಿಳಿಯದೆ ಆದದ್ದಕ್ಕೆ ನೀವು ಅಪರಾಧಿಯಲ್ಲ. ಇಪ್ಪತ್ತೊಂದರ ಹರೆಯದಲ್ಲಿ, ಆಜ್ಞೆಗೆ ಒಳಪಟ್ಟು, ನ್ಯಾಯವೆಂದು ನಂಬಿದ ಯುದ್ಧದಲ್ಲಿ ದುಡಿದ ಕೈಗಳು ಕೊಲೆಗಾರನ ಕೈಗಳಲ್ಲ. ಆದರೆ ಬಾಂಬು ಎಲ್ಲಿ ಬಿತ್ತೆಂದು ಕೇಳುವ ನಿಮ್ಮ ಸಂಕಟವೂ ದೌರ್ಬಲ್ಯವಲ್ಲ. ಅದು ದೇವರ ಕೃಪೆ. ಅದನ್ನು ಪಾಪನಿವೇದನೆಗೆ ತರಬಹುದು, ಪೂಜಾಪೀಠಕ್ಕೂ ತರಬಹುದು. ಹೆಸರು ತಿಳಿಯದ ಆ ಸತ್ತವರಿಗಾಗಿ ನಾವಿಬ್ಬರೂ ಸೇರಿ ಒಂದು ಬಲಿಪೂಜೆ ಅರ್ಪಿಸೋಣ. ಐವತ್ತು ವರ್ಷಗಳಿಗೂ ಮಿಕ್ಕಿ ಅವರಿಗಾಗಿ ಇಲ್ಲಿ ಯಾರೂ ಪ್ರಾರ್ಥಿಸಿಲ್ಲ.

ಊರ ಹೊರಗಿನ ಚಪ್ಪರ

ಉಳಿದ ನಮಗೆ, ಬಾಂಬು ಕಟ್ಟದ, ಹಾರದ, ಆಜ್ಞೆ ನೀಡದ ನಮಗೆ, ಯೋನನ ಕಥೆಯ ಕೊನೆಯ ಅಧ್ಯಾಯವಿದೆ. ನಿನೆವೆ ಪಶ್ಚಾತ್ತಾಪಪಟ್ಟದ್ದು ಅವನಿಗೆ ಹಿಡಿಸಲಿಲ್ಲ. ಊರಿನ ಪೂರ್ವಕ್ಕೆ ಹೋಗಿ, ಒಂದು ಚಪ್ಪರ ಹಾಕಿಕೊಂಡು, ಆ ಪಟ್ಟಣಕ್ಕೆ ಏನಾಗುವುದೋ ನೋಡುವೆನೆಂದು ಕುಳಿತ. ನೆರಳು ಕೊಟ್ಟ ಗಿಡ ಬಾಡಿದ್ದಕ್ಕೆ ಮರುಗಿದ. ಅಷ್ಟು ಜನರಿದ್ದ ಊರಿಗಾಗಿ ಮರುಗಲಿಲ್ಲ. 2025ರ ಆ ಮೇ ರಾತ್ರಿಗಳಲ್ಲಿ ಟೀವಿಯ ಮುಂದೆ ಕುಳಿತಿದ್ದ ನಾವೂ ಅಂಥದ್ದೇ ಚಪ್ಪರದಡಿಯಲ್ಲಿದ್ದೆವು. ಕತ್ತಲೆಯಲ್ಲಿ ಮಿಂಚಿದ ಬೆಳಕನ್ನು ಕಂಡು ಮಕ್ಕಳು ಚಪ್ಪಾಳೆ ತಟ್ಟಿದಾಗ ನಾವು ಏನು ಹೇಳಿದೆವು? ನಮ್ಮ ಯೋಧರಿಗಾಗಿ ಪ್ರಾರ್ಥಿಸಿದೆವು, ಅದು ನ್ಯಾಯ. ಗಡಿಯ ಎರಡೂ ಕಡೆ ನೆಲಮಾಳಿಗೆಯಲ್ಲಿ ಕುಳಿತ ತಾಯಂದಿರಿಗಾಗಿ ಪ್ರಾರ್ಥಿಸಿದೆವೇ?

ಆ ಪುಸ್ತಕ ಒಂದು ಪ್ರಶ್ನೆಯೊಂದಿಗೆ ಮುಗಿಯುತ್ತದೆ. ಬಲಗೈ ಎಡಗೈ ತಿಳಿಯದ ಒಂದು ಲಕ್ಷ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರೂ, ಬಹಳ ದನಕರುಗಳೂ ಇರುವ ಆ ಊರಿನ ಬಗ್ಗೆ ತಾನು ಮರುಗಬಾರದೇ ಎಂದು ದೇವರು ಕೇಳುತ್ತಾರೆ. ದನಕರುಗಳನ್ನೂ ಬಿಡದೆ ಎಣಿಸಿದ ದೇವರು ಅವರು. ಯೋನ ಏನು ಉತ್ತರಿಸಿದನೆಂದು ಬರೆದಿಲ್ಲ. ಉತ್ತರಿಸಬೇಕಾದವರು ಅದನ್ನು ಓದುವ ನಾವು.